ಆಲು ಅಂದರೆ ಯಾವುದು?

ಹಾಸನ ತಾಲ್ಲೂಕಿನ ಬೂವನಹಳ್ಳಿ ಕಡೆ ಯಾರ ಮನೆ ಜಗಲಿಯ ಮೇಲೆ ಕೂತರೂ ಅಜ್ಜಿಯೊಬ್ಬರ ಈ ಮಾತು ಕಿವಿಗೆ ಬೀಳುವುದುಂಟು: “ಆಲು ಕಾಸಿವ್ನಿ, ಕುಡ್ಕಂಡ್ ಓಗು ಮಗ.” ಅರ್ಥ ಮಾಡಿಕೊಳ್ಳಲು ಯಾರಿಗೂ ಕ್ಷಣ ಹಿಡಿಯುವುದಿಲ್ಲ. ಅಷ್ಟರಲ್ಲಿ ಲೋಟವೇ ಕೈಗೆ ಬಂದಿರುತ್ತದೆ.

ಇದೇ ಮಾತನ್ನು ಮೂವರು ಬರೆದುಕೊಂಡರು ಅನ್ನಿ. ಒಬ್ಬರು ಮೇಷ್ಟ್ರು, ಅವರ ಕೈ ತಾನಾಗಿ ತಿದ್ದಿ ‘ಹಾಲು’ ಎಂದು ಬರೆಯಿತು. ಇನ್ನೊಬ್ಬರು ಕೇಳಿದಂತೆಯೇ ‘ಆಲು’ ಎಂದು ಇಟ್ಟುಕೊಂಡರು. ಮೂರನೆಯವನು ಕಾಲೇಜು ಹುಡುಗ, ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕಳಿಸಿದ. ಹತ್ತು ವರ್ಷ ಆದಮೇಲೆ ಈ ಮೂರೂ ಬರಹ, ಅಜ್ಜಿಯನ್ನು ಕಾಣದ, ಲೋಟವನ್ನೂ ಕಾಣದ ಒಬ್ಬ ಸಂಶೋಧಕರ ಮುಂದೆ ಬಂದು ಬೀಳುತ್ತವೆ. ಹಾಸನ ಆಲೂಗೆಡ್ಡೆ ಬೆಳೆಯುವ ಜಿಲ್ಲೆ ಎಂಬುದು ಅವರಿಗೆ ಗೊತ್ತಿದೆ. ಮುಂಗಾರು ಬಿದ್ದಾಗ ಇಲ್ಲಿ ಬಿತ್ತನೆಗೆಡ್ಡೆಯದೇ ಮಾತು ಎಂಬುದೂ ಗೊತ್ತಿದೆ. ಅಂಥವರು ಎರಡನೆಯ, ಮೂರನೆಯ ಬರಹದ ‘ಆಲು’ವನ್ನು ಗೆಡ್ಡೆಯ ಲೆಕ್ಕಕ್ಕೆ ಸೇರಿಸಿದರೆ ತಪ್ಪು ಯಾರದು? ಮೊದಲನೆಯ ಬರಹದಲ್ಲಿ ಅರ್ಥ ಉಳಿಯಿತು, ಆದರೆ ಈ ಸೀಮೆಯ ಬಾಯಲ್ಲಿ ಹಕಾರ ಬಿದ್ದುಹೋಗುತ್ತದೆ ಎಂಬ ಸಂಗತಿಯೇ ಅಳಿಸಿಹೋಯಿತು. ಎರಡನೆಯದರಲ್ಲಿ ಉಲಿ ಉಳಿಯಿತು, ಅರ್ಥ ತಪ್ಪಿಹೋಯಿತು. ಮೂರನೆಯದರಲ್ಲಿ ‘ಆ’ ಹ್ರಸ್ವವೋ ದೀರ್ಘವೋ, ‘ಲ’ ಯಾವ ಲಕಾರವೋ ಅದೂ ತಿಳಿಯದು.

ಭಾಷೆಯನ್ನು ಅಧ್ಯಯನ ಮಾಡುವವರು ‘ದತ್ತಾಂಶಕ್ಕೆ ಒಂದು ಸಮಾನ ಮಾನದಂಡ ಬೇಕು’ ಎನ್ನುವಾಗ ಹೇಳುತ್ತಿರುವುದು ಇಷ್ಟೇ ಸರಳವಾದ ಸಂಗತಿ. ‘ಮಾನದಂಡ’ ಎಂಬ ಪದ ಕೇಳಿದ ಕೂಡಲೇ ನಮ್ಮಲ್ಲಿ ಹಲವರಿಗೆ ಶಿಷ್ಟ ಕನ್ನಡದ ನೆನಪಾಗಿ ಅಳುಕು ಹುಟ್ಟುತ್ತದೆ. ಅಜ್ಜಿಯ ಮಾತನ್ನು ತಿದ್ದಲು ಮತ್ತೊಂದು ಬೆತ್ತ ಬಂತು ಎಂದುಕೊಳ್ಳುತ್ತಾರೆ. ಆ ಅಳುಕಿಗೆ ಕಾರಣವಿದೆ. ಶಾಲೆಯಲ್ಲಿ ‘ಆಲು’ ಅಂದು ನಗೆಪಾಟಲಾದ ಮಕ್ಕಳ ಸಂಖ್ಯೆ ಈ ಜಿಲ್ಲೆಯಲ್ಲಿ ಸಣ್ಣದಲ್ಲ. ಆದರೆ ಇಲ್ಲಿ ಶಿಸ್ತು ಇರಬೇಕಾದ್ದು ಬರೆದುಕೊಳ್ಳುವವರಿಗೆ. ಅಜ್ಜಿ ಹೇಗೆ ಬೇಕಾದರೂ ಮಾತಾಡಲಿ. ಬರೆದುಕೊಂಡವರು ಉಲಿಯನ್ನು ಒಂದು ಕಡೆ, ಅರ್ಥವನ್ನು ಒಂದು ಕಡೆ, ಯಾವ ಊರು, ಯಾವ ವಯಸ್ಸು, ಯಾವ ದಿನ ಎಂಬುದನ್ನು ಮತ್ತೊಂದು ಕಡೆ, ಎಲ್ಲರಿಗೂ ತಿಳಿಯುವ ಒಂದೇ ಕ್ರಮದಲ್ಲಿ ಇಡಲಿ. ಆಗ ಮಾತ್ರ ‘ಆಲು’ ಆಲುವಾಗಿಯೇ ಉಳಿದುಕೊಂಡು, ಹಾಲಿನ ಜೊತೆಗೂ ಸೇರುತ್ತದೆ.

ಇದನ್ನು ಹೊರಗಿನಿಂದ ಬಂದ ಹೊಸ ವಿದ್ಯೆ ಎಂದುಕೊಳ್ಳಬೇಕಿಲ್ಲ. ನಮ್ಮ ಜಿಲ್ಲೆಯ ಕಲ್ಲುಗಳೇ ಇದನ್ನು ನೂರು ವರ್ಷದಿಂದ ಹೇಳುತ್ತಿವೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳಲ್ಲಿ 8,869 ಶಾಸನಗಳಿವೆ. ಅಷ್ಟೂ ಶಾಸನಗಳಿಗೆ ಅವರು ಒಂದೇ ಕ್ರಮ ಹಿಡಿದರು. ಜಿಲ್ಲೆಗೆ ಸಂಪುಟ, ಸಂಪುಟದೊಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ಶಾಸನದ ಸಂಖ್ಯೆ. ಜೊತೆಗೆ ಶಾಸನಗಳ ಕನ್ನಡ ಲಿಪಿಯ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ. ಹಾಸನ ಜಿಲ್ಲೆಯದು ಐದನೆಯ ಸಂಪುಟ, 1902ರದು. ಹೊಯ್ಸಳರ ಚರಿತ್ರೆ ಬರೆದವರು, ಹಳಗನ್ನಡದ ವ್ಯಾಕರಣ ನೋಡಿದವರು, ಊರ ಹೆಸರು ಹುಡುಕಿದವರು ಎಲ್ಲರೂ ಆ ಸಂಖ್ಯೆಗಳನ್ನೇ ಹಿಡಿದು ಒಬ್ಬರ ಮಾತನ್ನು ಇನ್ನೊಬ್ಬರು ಪರೀಕ್ಷಿಸಿದರು. ಬೇಲೂರಿನ ಇಂಥ ಸಂಖ್ಯೆ ಎಂದು ಅಡಿಟಿಪ್ಪಣಿಯಲ್ಲಿ ಬರೆದರೆ ಸಾಕು, ಮೈಸೂರಿನಲ್ಲಿ ಕೂತವರೂ ಲಂಡನ್ನಿನಲ್ಲಿ ಕೂತವರೂ ಒಂದೇ ಕಲ್ಲಿನ ಮುಂದೆ ನಿಂತಂತಾಗುತ್ತಿತ್ತು.

ಆಮೇಲೆ ಆದದ್ದನ್ನೂ ಹೇಳಬೇಕು, ಪಾಠ ಇರುವುದು ಅಲ್ಲೇ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳಿಗೆ ರೈಸ್ 1889ರಲ್ಲೇ ಪ್ರತ್ಯೇಕ ಸಂಪುಟ ತಂದಿದ್ದರು. ಅದರಲ್ಲಿ 144 ಶಾಸನ. ಅವರ ನಂತರ ಬಂದ ಆರ್. ನರಸಿಂಹಾಚಾರ್ಯರು ಬೆಟ್ಟ ಬೆಟ್ಟ ಹತ್ತಿಳಿದು, 1923ರ ಪರಿಷ್ಕೃತ ಆವೃತ್ತಿಯಲ್ಲಿ 500 ಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಮತ್ತೆ ಪರಿಷ್ಕರಿಸಿದಾಗ ಅದು 573 ಆಯಿತು. ಶಾಸನ ಹೆಚ್ಚಿದ್ದು ಸಂತೋಷ. ಆದರೆ ಪ್ರತಿ ಸಲ ಕ್ರಮ ಬದಲಾದಾಗ ಅದೇ ಬಂಡೆಯ ಮೇಲಿನ ಅದೇ ಬರಹಕ್ಕೆ ಬೇರೆ ಸಂಖ್ಯೆ ಬಿತ್ತು. ಇನ್ನೂ ಗೊಂದಲದ ಸಂಗತಿ ಸಂಪುಟಗಳದು. ಹಳೆಯ ಐದನೆಯ ಸಂಪುಟ ಅಂದರೆ ಹಾಸನ ಜಿಲ್ಲೆ. ಪರಿಷ್ಕೃತ ಮಾಲೆಯ ಐದನೆಯ ಸಂಪುಟ ಅಂದರೆ ಮೈಸೂರು, ತಿರುಮಕೂಡಲು ನರಸೀಪುರ, ಕೃಷ್ಣರಾಜನಗರ ತಾಲ್ಲೂಕುಗಳು. ಹಾಸನದ ಶಾಸನಗಳು ಎಂಟಕ್ಕೆ ಸರಿದವು, ಬೇಲೂರಿನವು ಒಂಬತ್ತಕ್ಕೆ. ಹಾಗಾಗಿ ಯಾರಾದರೂ ಬರಿದೇ ‘ಎ.ಕ. 5’ ಎಂದು ಬರೆದು, ಹಳೆಯದೋ ಹೊಸದೋ ಹೇಳದೆ ಬಿಟ್ಟರೆ, ಓದುವವರು ಹೇಮಾವತಿ ದಡಕ್ಕೆ ಹೋಗಬೇಕೋ ಕಾವೇರಿ–ಕಪಿಲೆಯ ಸಂಗಮಕ್ಕೆ ಹೋಗಬೇಕೋ ತಿಳಿಯುವುದಿಲ್ಲ. ವಿದ್ಯಾರ್ಥಿಗಳು ಈ ಒಂದು ಅಂಕಿಯ ಹಿಂದೆ ದಿನಗಟ್ಟಲೆ ಕಳೆಯುತ್ತಾರೆ. ಪರಿಷ್ಕರಣೆ ತಪ್ಪಲ್ಲ. ಹಳೆಯ ಗುರುತಿನಿಂದ ಹೊಸ ಗುರುತಿಗೆ ದಾರಿ ತೋರಿಸುವ ತಾಳೆಪಟ್ಟಿಯನ್ನು ಸಂಪುಟದಷ್ಟೇ ಮುಖ್ಯ ಎಂದು ಎಲ್ಲರೂ ಕಾಪಾಡಿಕೊಳ್ಳಬೇಕಿತ್ತು, ಅಷ್ಟೆ.

ಅದೇ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ ಪುಸ್ತಕ ಒಂದಿದೆ. ಟಿ. ಬರೋ ಮತ್ತು ಎಂ.ಬಿ. ಎಮಿನೊ ಅವರ ದ್ರಾವಿಡ ನಿಷ್ಪತ್ತಿ ಕೋಶ 1961ರಲ್ಲಿ ಬಂತು. ಎರಡನೆಯ ಆವೃತ್ತಿ 1984ರಲ್ಲಿ. ಎರಡನೆಯದರಲ್ಲಿ ಸಂಖ್ಯೆಗಳೆಲ್ಲ ಬದಲಾದವು, ಆದರೆ ಪ್ರತಿ ನಮೂದಿನ ಕೊನೆಯಲ್ಲಿ ಹಳೆಯ ಸಂಖ್ಯೆಯನ್ನೂ ಅಚ್ಚು ಹಾಕಿದರು. ಐದೂವರೆ ಸಾವಿರ ದಾಟಿದ ಆ ನಮೂದುಗಳಲ್ಲಿ 4096ನೆಯದು ಹಾಲು. ತಮಿಳಿನ, ಮಲಯಾಳದ ಪಾಲ್, ತೆಲುಗಿನ ಪಾಲು, ಹಳಗನ್ನಡದ ಪಾಲ್, ಇಂದಿನ ಹಾಲು ಎಲ್ಲ ಆ ಒಂದು ಅಂಕಿಯ ಕೆಳಗೆ ಬರುತ್ತವೆ. ಬೂವನಹಳ್ಳಿಯ ‘ಆಲು’ವಿನ ಪಕ್ಕದಲ್ಲಿ 4096 ಎಂದು ಬರೆದಿಟ್ಟರೆ ಸಾಕು, ಕನ್ನಡ ಬಾರದ ಸಂಶೋಧಕರಿಗೂ ಅದು ಗೆಡ್ಡೆಯಲ್ಲ ಎಂದು ತಿಳಿಯುತ್ತದೆ. ಅಷ್ಟೇ ಅಲ್ಲ, ಪಕಾರ ಹಕಾರವಾಗಿ, ಹಕಾರವೂ ಬಿದ್ದುಹೋಗುವ ಸಾವಿರ ವರ್ಷದ ಹಾದಿಯ ಕೊನೆಯ ಹೆಜ್ಜೆ ಈ ಜಗಲಿಯ ಮೇಲಿದೆ ಎಂಬುದೂ ಕಾಣುತ್ತದೆ. ತಿದ್ದಿ ‘ಹಾಲು’ ಎಂದು ಬರೆದ ಮೇಷ್ಟ್ರ ಪುಸ್ತಕದಲ್ಲಿ ಆ ಹೆಜ್ಜೆಯ ಗುರುತೇ ಇಲ್ಲ.

ಪದರ ಪದರವಾಗಿ ಬರೆದಿಡುವ ಅಭ್ಯಾಸವೂ ಕಲ್ಲಿನಿಂದಲೇ ಬಂದದ್ದು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಡಾ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದರು. ಸುಮಾರು ಕ್ರಿ.ಶ. 450ರದೆಂದು ಹೇಳುವ ಆ ಹದಿನಾರು ಸಾಲುಗಳ ಕೆಲವು ಪದಗಳನ್ನು ವಿದ್ವಾಂಸರು ಇಂದಿಗೂ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಓದುತ್ತಾರೆ. ಆ ಜಗಳ ಸಾಧ್ಯವಾಗಿರುವುದೇ ಕಲ್ಲು ಬೇರೆ, ಕಲ್ಲಿನಿಂದ ತೆಗೆದ ಪಡಿಯಚ್ಚು ಬೇರೆ, ಓದಿದ ಪಾಠ ಬೇರೆ, ಹೇಳುವ ಅರ್ಥ ಬೇರೆ ಎಂದು ಬಿಡಿಸಿ ಇಟ್ಟಿರುವುದರಿಂದ. ಶಾಸನ ಸಂಪಾದಕರು ಅನುಮಾನವಿರುವ ಅಕ್ಷರವನ್ನು ಕಂಸದಲ್ಲಿ ಇಡುತ್ತಾರೆ, ಒಡೆದುಹೋದ ಜಾಗದಲ್ಲಿ ಚುಕ್ಕಿ ಹಾಕುತ್ತಾರೆ. ‘ಇದು ಕಂಡದ್ದು, ಇದು ಊಹಿಸಿದ್ದು’ ಎಂದು ಓದುಗರಿಗೆ ಪ್ರಾಮಾಣಿಕವಾಗಿ ಹೇಳುವ ಕ್ರಮ ಅದು. ಮಾತಿನ ದಾಖಲೆಗೂ ಇದೇ ನ್ಯಾಯ. ಮೊದಲು ಧ್ವನಿ, ಆಮೇಲೆ ಕೇಳಿದಂತೆ ಬರಹ, ಅದರ ಕೆಳಗೆ ಪದವನ್ನು ಬಿಡಿಸಿದ ಸಾಲು, ಅದರ ಕೆಳಗೆ ಒಂದೊಂದು ತುಂಡಿನ ಅರ್ಥ, ಕೊನೆಗೆ ಇಡೀ ಮಾತಿನ ಅರ್ಥ. ‘ಕಾಸಿವ್ನಿ’ಯನ್ನು ಹೀಗೆ ಬಿಡಿಸಿದರೆ ‘ಕಾಸಿ’ ಒಂದು ತುಂಡು, ಇರುವುದನ್ನು ಹೇಳುವ ‘ವ್‌’ ಒಂದು, ‘ನಾನು’ ಎಂದು ತಿಳಿಸುವ ‘ನಿ’ ಒಂದು. ಪ್ರಪಂಚದ ಭಾಷಾವಿಜ್ಞಾನಿಗಳು ಇದಕ್ಕೆ ಲೈಪ್‌ಜಿಗ್ ನಿಯಮಗಳೆಂಬ ಒಂದು ಒಪ್ಪಂದ ಮಾಡಿಕೊಂಡಿದ್ದಾರೆ. ಮೇಲಿನ ಸಾಲಿನ ಒಂದೊಂದು ತುಂಡಿಗೂ ಕೆಳಗಿನ ಸಾಲಿನ ಒಂದೊಂದು ತುಂಡು ನೇರವಾಗಿ ಕೂರಬೇಕು ಎಂಬುದು ಅದರ ತಿರುಳು.

ಇನ್ನು ಕಂಪ್ಯೂಟರಿನ ಮಾತು. ಇಲ್ಲಿ ಕನ್ನಡಿಗರು ಪಟ್ಟ ಪಾಡು ಈ ಅಂಕಣ ಓದುವವರಲ್ಲಿ ಅನೇಕರಿಗೆ ಸ್ವಂತ ಅನುಭವ. ಒಂದು ಕಾಲಕ್ಕೆ ಒಬ್ಬೊಬ್ಬರ ಫಾಂಟು ಒಂದೊಂದು ಬಗೆ. ಶ್ರೀಲಿಪಿಯಲ್ಲಿ ಮಾಡಿದ ಕಡತ ನುಡಿಯಲ್ಲಿ ತೆರೆದರೆ ಪುಟದ ತುಂಬ ಅರ್ಥವಿಲ್ಲದ ಚಿಹ್ನೆಗಳು. ಆ ಕಡತಗಳಲ್ಲಿ ಇದ್ದದ್ದು ಕನ್ನಡದ ಅಕ್ಷರವಲ್ಲ, ಅಕ್ಷರದ ಚಿತ್ರದ ತುಂಡುಗಳು. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಅದು ನಮ್ಮ ಮೇಜಿನ ಮೇಲೆ ನೆಲೆಯೂರಲು ವರ್ಷಗಳೇ ಹಿಡಿದವು. ಹಳೆಯ ಫಾಂಟುಗಳಲ್ಲಿ ಅಚ್ಚಾದ ಎಷ್ಟೋ ಪುಸ್ತಕಗಳ, ಸಂಶೋಧನಾ ಪ್ರಬಂಧಗಳ ಕಡತಗಳು ಇವತ್ತಿಗೂ ಹುಡುಕಾಟಕ್ಕೆ ಸಿಗದೆ ಮಲಗಿವೆ.

ಯೂನಿಕೋಡ್ ಬಂದಮೇಲೂ ಬಿಡದ ಒಂದು ಅಭ್ಯಾಸ ಇದೆ. ಸೊನ್ನೆ ಬೇಕಾದ ಕಡೆ, ಅಂದರೆ ಅನುಸ್ವಾರದ ಜಾಗದಲ್ಲಿ, ಕನ್ನಡದ ಅಂಕಿ ೦ ಒತ್ತುವುದು; ಅರ್ಕಾವೊತ್ತಿನ ಜಾಗದಲ್ಲಿ ಅಂಕಿ ೯ ಒತ್ತುವುದು. ‘ಕನಾ೯ಟಕ’ ಎಂದು ಮದುವೆ ಕರೆಯೋಲೆಯಲ್ಲಿ, ಬ್ಯಾನರಿನಲ್ಲಿ ನೀವೂ ಕಂಡಿರುತ್ತೀರಿ. ಕಣ್ಣಿಗೆ ಅಷ್ಟೇನೂ ಭೇದವಿಲ್ಲ. ಆದರೆ ಕಂಪ್ಯೂಟರಿಗೆ ಅದು ‘ಕನಾ’, ಒಂಬತ್ತು, ‘ಟಕ’. ಇಂಥ ಬರಹ ಸಾವಿರಾರು ಪುಟ ಸೇರಿದ ಭಂಡಾರದಲ್ಲಿ ‘ಕರ್ನಾಟಕ’ ಎಷ್ಟು ಸಲ ಬಂದಿದೆ ಎಂದು ಎಣಿಸಿದರೆ ಉತ್ತರ ಸುಳ್ಳಾಗುತ್ತದೆ. ಮಾನದಂಡ ಇದ್ದರೆ ಸಾಲದು, ಬೆರಳಿಗೂ ಅದು ಗೊತ್ತಿರಬೇಕು.

ಮಾನದಂಡವೇ ತಪ್ಪಿದರೆ? ಅದಕ್ಕೂ ಕನ್ನಡದ್ದೇ ಉದಾಹರಣೆ ಇದೆ. ಹಳಗನ್ನಡದ ೞಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ಕೊಟ್ಟ ಹೆಸರು ‘ಕನ್ನಡ ಲೆಟರ್ ಫಾ’. ಶುದ್ಧ ತಪ್ಪು. ಆದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಅಲ್ಲಿನ ಕಟ್ಟುನಿಟ್ಟು, ಏಕೆಂದರೆ ಆ ಹೆಸರನ್ನು ನಂಬಿ ಎಲ್ಲೋ ಯಾವುದೋ ತಂತ್ರಾಂಶ ನಡೆಯುತ್ತಿರುತ್ತದೆ. ಹಾಗಾಗಿ ತಪ್ಪು ಹೆಸರನ್ನು ಹಾಗೇ ಉಳಿಸಿ, ಪಕ್ಕದಲ್ಲಿ ಸರಿಯಾದ ಇನ್ನೊಂದು ಹೆಸರನ್ನು ಅಧಿಕೃತವಾಗಿ ಸೇರಿಸಿದರು. ಮೊದಲು ಇದು ನನಗೆ ಮೊಂಡುತನವೆನಿಸಿತ್ತು. ಶ್ರವಣಬೆಳಗೊಳದ ಮೂರು ಸಂಖ್ಯೆಗಳ ಪಾಡು ನೋಡಿದ ಮೇಲೆ ವಿವೇಕ ಎನಿಸುತ್ತದೆ. ಬಿಟ್ಟುಹೋದದ್ದನ್ನು ಸೇರಿಸಲು ಬಾಗಿಲು ತೆರೆದೇ ಇದೆ: ಹಳೆಯ ಬರಹಗಳ ನಕಾರ ಪೊಲ್ಲುವಿಗೆ 2021ರಲ್ಲಿ ಯೂನಿಕೋಡ್‌ನಲ್ಲಿ ತನ್ನದೇ ಮನೆ ಸಿಕ್ಕಿತು.

ಅಕ್ಷರಕ್ಕೆ ಗುರುತು ಆಯಿತು, ಊರಿಗೆ? ಬೂವನಹಳ್ಳಿಯನ್ನೇ ತೆಗೆದುಕೊಳ್ಳಿ. ಹಾಸನದ ವಿಮಾನ ನಿಲ್ದಾಣದ ಸುದ್ದಿಯಲ್ಲಿ ಈ ಹೆಸರು ಬಂದಾಗಲೆಲ್ಲ ಒಂದು ಪತ್ರಿಕೆಯಲ್ಲಿ ಬೂವನಹಳ್ಳಿ, ಇನ್ನೊಂದರಲ್ಲಿ ಬುವನಹಳ್ಳಿ, ಮತ್ತೊಂದರಲ್ಲಿ ಭುವನಹಳ್ಳಿ. ಇಂಗ್ಲಿಷಿನಲ್ಲಿ ಇನ್ನೂ ಬಗೆಬಗೆ. ಇದೇ ಉಲಿಯ ಊರು ಬೇರೆ ತಾಲ್ಲೂಕಿನಲ್ಲಿ ಇದ್ದರಂತೂ ಮುಗಿಯಿತು. ಜನಗಣತಿಯವರು, ಪಂಚಾಯಿತಿ ಇಲಾಖೆಯವರು ಪ್ರತಿ ಗ್ರಾಮಕ್ಕೂ ಒಂದು ಸಂಕೇತಸಂಖ್ಯೆ ಇಟ್ಟಿದ್ದಾರೆ. ಪದ ಸಂಗ್ರಹಿಸುವವರು ಊರ ಹೆಸರಿನ ಪಕ್ಕ ಆ ಸಂಖ್ಯೆಯನ್ನೂ ಬರೆದರೆ, ಹೆಸರನ್ನು ಜನ ಹೇಗೆ ಹೇಳುತ್ತಾರೋ ಹಾಗೇ ಇಟ್ಟುಕೊಳ್ಳುವ ಸ್ವಾತಂತ್ರ್ಯವೂ ಉಳಿಯುತ್ತದೆ.

ಭಾಷೆಗೇ ಗುರುತು ಹಾಕುವಾಗ ಮಾತ್ರ ವಿಷಯ ಸೂಕ್ಷ್ಮ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಪ್ರತಿ ಭಾಷೆಗೂ ಮೂರಕ್ಷರದ ಸಂಕೇತ ಇದೆ. ಕನ್ನಡಕ್ಕೆ ಕೆ-ಎ-ಎನ್, ತುಳುವಿಗೆ ಟಿ-ಸಿ-ವೈ, ಕೊಡವಕ್ಕೆ ಕೆ-ಎಫ್-ಎ, ನೀಲಗಿರಿಯ ಬಡಗಕ್ಕೆ ಬಿ-ಎಫ್-ಕ್ಯೂ. ಆದರೆ ನಮ್ಮ 2011ರ ಜನಗಣತಿ ಬಡಗವನ್ನು ಕನ್ನಡದ ಅಡಿಯಲ್ಲೇ ಎಣಿಸುತ್ತದೆ. ಕನ್ನಡ ಮಾತಾಡುವ 4.37 ಕೋಟಿ ಜನರ ಮೊತ್ತದಲ್ಲಿ 1.33 ಲಕ್ಷ ಬಡಗರೂ ಇದ್ದಾರೆ. ಒಂದು ಪಟ್ಟಿಯಲ್ಲಿ ಸ್ವತಂತ್ರ ಭಾಷೆ, ಇನ್ನೊಂದರಲ್ಲಿ ಕನ್ನಡದ ಒಂದು ತಾಯ್ನುಡಿ. ಯಾವ ಪಟ್ಟಿ ಹಿಡಿದು ಎಣಿಸಿದೆ ಎಂದು ಹೇಳದ ಸಂಶೋಧನೆಯನ್ನು ಇನ್ನೊಂದರ ಪಕ್ಕ ಇಟ್ಟು ತೂಗುವುದು ಹೇಗೆ?

ನಮ್ಮ ಬಾಗಿಲಲ್ಲೇ ಇನ್ನೊಂದು ಮಾತಿದೆ. ಹಾಸನ ತಾಲ್ಲೂಕಿನ ಕೌಶಿಕ, ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ, ಇಲ್ಲಿಯ ಸಂಕೇತಿ ಸಮುದಾಯದವರ ಮನೆಮಾತು. ಸಂಗೀತಕ್ಕೆ ಹೆಸರಾದ ರುದ್ರಪಟ್ಟಣದ ಸಂಗೀತಗಾರರನ್ನು ನಾಡು ಬಲ್ಲದು, ಅವರ ಮನೆಯೊಳಗಿನ ನುಡಿಯನ್ನು ಬಲ್ಲವರು ಕಡಿಮೆ. ತಮಿಳಿನ, ಮಲಯಾಳದ ಬೇರು, ಶತಮಾನಗಳ ಕನ್ನಡದ ಒಡನಾಟ, ಸ್ವಂತ ಲಿಪಿ ಇಲ್ಲ, ಬರೆದರೆ ಕನ್ನಡದಲ್ಲೇ. ಕೌಶಿಕದ ಸಂಕೇತಿಗೂ ಬೆಟ್ಟದಪುರದ ಸಂಕೇತಿಗೂ ನಡುವೆ ವ್ಯತ್ಯಾಸಗಳಿವೆ. ಇಂಥ ಮಾತಿನ ಒಂದು ಧ್ವನಿಮುದ್ರಣವನ್ನು ಯಾರೋ ‘ತಮಿಳು’ ಎಂದು, ಇನ್ಯಾರೋ ‘ಕನ್ನಡ’ ಎಂದು ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟರೆ ಮುಂದೆ ಸಂಕೇತಿಯನ್ನೇ ಹುಡುಕಿ ಬಂದವರಿಗೆ ಅದು ಸಿಗುವುದೇ ಇಲ್ಲ. ಪಟ್ಟಿಯಲ್ಲಿ ಸ್ವಂತ ಸಂಕೇತ ಇಲ್ಲದಿದ್ದರೆ ಹತ್ತಿರದ ಸಂಕೇತ ಹಾಕಿ, ಪಕ್ಕದಲ್ಲಿ ಮಾತಾಡುವವರೇ ಕರೆದುಕೊಳ್ಳುವ ಹೆಸರನ್ನು ಬರೆಯುವುದಕ್ಕೆ ಯಾವ ಮಾನದಂಡವೂ ಅಡ್ಡಿಯಲ್ಲ. ಬರೆಯುವ ಮನಸ್ಸು ಬೇಕು.

ಒಪ್ಪಿಕೊಂಡ ಚೌಕಟ್ಟು ಕೆಲವೊಮ್ಮೆ ಭಾಷೆಯ ಮೈಗೆ ಒಗ್ಗದ ಅಂಗಿಯೂ ಆಗಬಹುದು. ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಪುಸ್ತಕ ಬರೆದು ವಾದಿಸಿದ್ದು ಇದನ್ನೇ: ಸಂಸ್ಕೃತದ ಮನೆಗಳಲ್ಲಿ ಕನ್ನಡದ ಪದಗಳನ್ನು ತುರುಕಬೇಡಿ ಎಂದು. ‘ಹಾಸನದಿಂದ ಬಂದ’, ‘ಕತ್ತಿಯಿಂದ ಕೊಯ್ದ’ ಎರಡರಲ್ಲೂ ಇರುವುದು ಒಂದೇ ‘ಇಂದ’. ಒಂದಕ್ಕೆ ಪಂಚಮಿ, ಇನ್ನೊಂದಕ್ಕೆ ತೃತೀಯೆ ಎಂದು ಬೇರೆ ಬೇರೆ ಚೀಟಿ ಅಂಟಿಸಬೇಕೋ ಒಂದೇ ಸಾಕೋ? ಎಲ್ಲ ಭಾರತೀಯ ಭಾಷೆಗಳಿಗೂ ಒಂದೇ ಪದವರ್ಗದ ಪಟ್ಟಿ ಹಿಡಿದು ಕೂತಾಗ ಈ ಪ್ರಶ್ನೆ ಸಾಲು ಸಾಲಿಗೂ ಎದುರಾಗುತ್ತದೆ. ನನ್ನ ಅಭಿಪ್ರಾಯ ಇದು: ಎಲ್ಲರೂ ಬಳಸುವ ಚೀಟಿಯನ್ನೇ ಅಂಟಿಸಿ, ಆದರೆ ಭಿನ್ನಮತವನ್ನು ಅದೇ ಜಾಗದಲ್ಲಿ ದಾಖಲಿಸಿ. ಕಲ್ಲನ್ನು ಅಳಿಸದಿದ್ದರೆ ಮುಂದಿನವರು ತಮ್ಮ ಪಾಠ ಓದಿಕೊಳ್ಳುತ್ತಾರೆ.

ಇಷ್ಟೆಲ್ಲ ಪರದಾಟದಿಂದ ಸಿಗುವುದೇನು ಎಂದರೆ, 2018ರಲ್ಲಿ ಪ್ರಕಟವಾದ ಒಂದು ಸಂಶೋಧನೆಯನ್ನು ತೋರಿಸಬಹುದು. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯ ವಿಷ್ಣುಪ್ರಿಯಾ ಕೋಲಿಪಾಕಂ ಮತ್ತು ಅವರ ಸಂಗಡಿಗರು ಕನ್ನಡ, ತುಳು, ಕೊಡವ, ಬಡಗ, ಬೆಟ್ಟ ಕುರುಂಬದಿಂದ ಹಿಡಿದು ಬಲೂಚಿಸ್ತಾನದ ಬ್ರಾಹೂಯಿವರೆಗೆ 20 ದ್ರಾವಿಡ ಭಾಷೆಗಳಿಂದ ಅದದೇ 100 ಅರ್ಥಗಳಿಗೆ ಪದಗಳನ್ನು ಸಂಗ್ರಹಿಸಿದರು. ಒಂದೇ ಬೇರಿನ ಪದಗಳಿಗೆ ಒಂದೇ ಗುರುತು ಹಾಕಿದರು. ಆ ಪಟ್ಟಿಯಿಂದ ದ್ರಾವಿಡ ಭಾಷಾ ಕುಟುಂಬದ ವಯಸ್ಸು ಸುಮಾರು 4,500 ವರ್ಷ ಎಂಬ ಅಂದಾಜಿಗೆ ಬಂದರು. ಅಂದಾಜು ನಾಳೆ ಬದಲಾಗಬಹುದು. ಆದರೆ ದತ್ತಾಂಶ ಎಲ್ಲರೂ ಬಳಸುವ ಕ್ರಮದಲ್ಲಿ ತೆರೆದಿಟ್ಟಿರುವುದರಿಂದ ಒಪ್ಪದವರು ಅದೇ ಪಟ್ಟಿ ತೆಗೆದುಕೊಂಡು ಮತ್ತೆ ಲೆಕ್ಕ ಹಾಕಬಹುದು. ಕನ್ನಡದಲ್ಲೂ ಇಂಥ ಔದಾರ್ಯ ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಒಂದೂವರೆ ಲಕ್ಷ ನಮೂದುಗಳ ‘ಅಲರ್’ ನಿಘಂಟನ್ನು ಯಾರು ಬೇಕಾದರೂ ಬಳಸುವಂತೆ ತೆರೆದುಕೊಟ್ಟಿದ್ದಾರೆ. ಮೈಸೂರಿನಲ್ಲಿ 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನದಲ್ಲಿ ಭಾರತೀಯ ಭಾಷೆಗಳ ದತ್ತಾಂಶಕ್ಕೆಂದೇ ಒಂದು ಒಕ್ಕೂಟ ಕೆಲಸ ಮಾಡುತ್ತಿದೆ.

ಆದರೆ ಕೊರತೆ ಇರುವುದು ದೊಡ್ಡ ಸಂಸ್ಥೆಗಳ ಆಚೆ. ನಮ್ಮ ಜಿಲ್ಲೆಯ ಕಾಲೇಜುಗಳ ಮಕ್ಕಳು ಪ್ರತಿ ವರ್ಷ ಜಾನಪದದ ಪದ, ಒಗಟು, ಕೃಷಿಯ ಮಾತು ಸಂಗ್ರಹಿಸಿ ಅಸೈನ್‌ಮೆಂಟ್ ಕೊಡುತ್ತಾರೆ. ಅಂಕ ಸಿಕ್ಕ ಮೇಲೆ ಆ ಹಾಳೆಗಳು ಎಲ್ಲಿ ಹೋಗುತ್ತವೋ. ‘ಮೆದೆ’ ಎಂದು ಒಬ್ಬಳು ಬರೆದಿರುತ್ತಾಳೆ, ‘ಬಣವೆ’ ಎಂದು ಇನ್ನೊಬ್ಬ. ಎರಡರ ಮುಂದೆಯೂ ‘ಹುಲ್ಲಿನ ರಾಶಿ’ ಎಂಬ ಒಂದೇ ಅರ್ಥ. ಒಂದೇ ವಸ್ತುವಿಗೆ ಎರಡು ಹೆಸರೋ, ತೆನೆಯಿರುವ ಕಟ್ಟು ಒಟ್ಟಿದ್ದು ಒಂದು, ಒಕ್ಕಣೆಯಾದ ಮೇಲಿನ ಹುಲ್ಲು ಒಟ್ಟಿದ್ದು ಇನ್ನೊಂದೋ? ಕೇಳಿ ಬರೆದಿದ್ದರೆ ಒಂದು ಸಾಲು ಹೆಚ್ಚಾಗುತ್ತಿತ್ತು. ಈಗ ರಾಗಿ ಕೊಯ್ಲಿನ ಯಂತ್ರ ಬಂದು, ಕಣ ಮಾಡುವ ಮನೆಗಳೇ ವಿರಳವಾಗುತ್ತಿರುವಾಗ, ಆ ಒಂದು ಸಾಲನ್ನು ಹೇಳಬಲ್ಲವರ ವಯಸ್ಸು ಎಪ್ಪತ್ತರ ಮೇಲೆ.

ಅದಕ್ಕೇ ಒಂದು ಚೀಟಿಯ ನಮೂನೆ ಇಲ್ಲಿ ಕೊಡುತ್ತೇನೆ, ಮೇಷ್ಟ್ರುಗಳು ಮಕ್ಕಳ ಕೈಯಲ್ಲಿ ಬರೆಸಿ ನೋಡಲಿ. ಕೇಳಿದಂತೆ ಮಾತು: ಆಲು. ಬರಹದ ಕನ್ನಡದಲ್ಲಿ: ಹಾಲು. ನಿಷ್ಪತ್ತಿ ಕೋಶದ ಸಂಖ್ಯೆ: 4096. ಹೇಳಿದ ಇಡೀ ವಾಕ್ಯ: ಆಲು ಕಾಸಿವ್ನಿ, ಕುಡ್ಕಂಡ್ ಓಗು ಮಗ. ಸಂದರ್ಭ: ಸಂಜೆ, ಮನೆಗೆ ಬಂದವರಿಗೆ ಕೊಟ್ಟಾಗ. ಊರು: ಬೂವನಹಳ್ಳಿ, ಹಾಸನ ತಾಲ್ಲೂಕು, ಮುಂದೆ ಗ್ರಾಮದ ಸಂಖ್ಯೆ. ಹೇಳಿದವರು: ಹೆಂಗಸು, ಎಂಬತ್ತರ ಆಸುಪಾಸು, ಒಕ್ಕಲುತನ; ತವರು ಯಾವ ಊರು ಎಂಬುದೂ ಇರಲಿ, ಮದುವೆಯಾಗಿ ಬಂದವರ ಮಾತಿನಲ್ಲಿ ತವರಿನ ಉಲಿ ಉಳಿದಿರುತ್ತದೆ. ಬರೆದುಕೊಂಡವರ ಹೆಸರು, ದಿನ. ಧ್ವನಿ ಇದ್ದರೆ ಆ ಕಡತದ ಹೆಸರು.

ಇನ್ನೊಂದು ಮನೆ ಖಾಲಿ ಬಿಟ್ಟಿದ್ದೇನೆ, ಅದನ್ನು ಕೇಳಿಯೇ ತುಂಬಬೇಕು. “ಅಜ್ಜಿ, ನಿಮ್ಮ ಮಾತ ಬರ್ಕಂಡಿವ್ನಿ, ಬೇರೆಯವ್ರೂ ಕೇಳ್ಬೋದಾ, ನಿಮ್ಮ ಹೆಸ್ರು ಹಾಕ್ಬೋದಾ?” ಅವರು ‘ಮಾತ್ ಆಕು, ಎಸ್ರು ಬ್ಯಾಡ’ ಅಂದರೆ ಆ ಮನೆಯಲ್ಲಿ ಅದನ್ನೇ, ಅವರು ಅಂದಂತೆಯೇ ಬರೆಯಬೇಕು.